ನಿಂತು ಓಡಿಸುವ ಫೋರ್ಕ್‌ಲಿಫ್ಟಲ್ಲಿ ಎಡಗಾಲು ಹೊರಗೆ ಹೋಗ್ತದೆ, ಎಂತ ಮಾಡುದು?

ಗೋಡೌನ್ ಗಿರಾಕಿ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಬೈಕಂಪಾಡಿಯ ಒಂದು ಗೋಡೌನಲ್ಲಿ ಕೆಲಸಕ್ಕಿರುದು, ಕಂಪನಿ ಹೆಸರು ಕೇಳ್ಬೇಡಿ. ನಾಲ್ಕು ವರ್ಷ 3 ಟನ್ನಿನ ಡೀಸೆಲ್ ಗಾಡಿ ಓಡಿಸಿದ್ದೇನೆ, ಕೂತು ಓಡಿಸುವಂಥದ್ದು, ಅದು ಕೈಗೆ ಒಗ್ಗಿ ಹೋಗಿತ್ತು. ಈಗ ಒಳಗೆ ಹೊಸ ರ್ಯಾಕ್ ಹಾಕಿ ನಡುವಿನ ದಾರಿ ಎಲ್ಲ ಸಣ್ಣ ಮಾಡಿದ್ರು, ಡೀಸೆಲ್ ಗಾಡಿ ಅದ್ರೊಳಗೆ ತಿರುಗುದೇ ಇಲ್ಲ, ಹಾಗಾಗಿ ಎರಡು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಟರಿ ಗಾಡಿ ತಂದ್ರು, ನಿಂತು ಓಡಿಸುದು, ರೀಚ್ ಟ್ರಕ್, ಫೋರ್ಕ್ ಮುಂದಕ್ಕೆ ಚಾಚುವಂಥದ್ದು. ತಂದವ ಅರ್ಧ ಗಂಟೆ ತೋರಿಸಿದ, ಚಾ ಕುಡಿದ, ಹೋದ. ಟ್ರೇನಿಂಗ್ ಅಂದ್ರೆ ಅಷ್ಟೇ.

ಈಗ ನನ್ನ ಕಷ್ಟ ಎಂತ ಅಂದ್ರೆ ಎಡಗಾಲು ತನ್ನಷ್ಟಕ್ಕೆ ಹೊರಗೆ ಹೋಗ್ತದೆ. ಗಾಡಿ ಹಿಂದೆ ತಗೊಳ್ಳುವಾಗ, ಬ್ರೇಕ್ ಬಿದ್ದ ಕೂಡ್ಲೆ, ಕಾಲು ನೆಲಕ್ಕೆ ಚಾಚ್ತದೆ. ಹೇಳಿದ್ರೆ ನಗ್ತೀರಿ, ಈ ಕೆಲಸಕ್ಕೆ ಮೊದಲು ನಾನು ಮೂರು ವರ್ಷ ಸಿಟಿ ಬಸ್ಸಲ್ಲಿ ಕಂಡಕ್ಟರ್, ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಸುರತ್ಕಲ್. ಒಂದು ಕಾಲು ಫುಟ್‌ಬೋರ್ಡಲ್ಲಿ, ಇನ್ನೊಂದು ಗಾಳಿಯಲ್ಲಿ, ಬಾಯಲ್ಲಿ ವಿಶಲ್, ಸ್ಟಾಪ್ ಬರುವ ಮೊದಲೇ ನೆಲಕ್ಕೆ ಕಾಲು. ಆ ಅಭ್ಯಾಸ ಮೈಯಿಂದ ಹೋಗ್ಲಿಲ್ಲ ಅಂತ ಕಾಣ್ತದೆ. ಮೊನ್ನೆ ರ್ಯಾಕಿನ ಕಂಬಕ್ಕೂ ನನ್ನ ಶೂವಿಗೂ ನಡುವೆ ನಾಲ್ಕು ಬೆರಳು ಜಾಗ ಇತ್ತು, ರಾತ್ರಿ ಮಲಗಿದ ಮೇಲೂ ಅದೇ ಕಣ್ಣಿಗೆ ಬರುದು.

ಇನ್ನೊಂದು, ಕಾಲಡಿಯ ಪೆಡಲ್ ಉಂಟಲ್ಲ, ಒತ್ತಿ ಹಿಡಿದ್ರೆ ಮಾತ್ರ ಗಾಡಿ ಹೋಗುವಂಥದ್ದು, ಅದು ತುಂಬ ಗಟ್ಟಿ. ನೈಟ್ ಶಿಫ್ಟಿನವ ಅದಕ್ಕೆ ಒಂದು ಮರದ ತುಂಡು ಸಿಕ್ಕಿಸಿ ಇಡ್ತಾನೆ, ಕಾಲು ನೋಯುದಿಲ್ಲ ಅಂತೆ. ಸೂಪರ್‌ವೈಸರಿಗೆ ಗೊತ್ತುಂಟು, ಕೇಳಿದ್ರೆ ಕೆಲಸ ಆಗ್ಲಿ ಮಾರಾಯ ಅಂತಾರೆ. ಇದು ಸರಿಯಾ? ಮತ್ತೆ ಗಾಡಿ ವಾಲಿದ್ರೆ ಒಳಗೆ ಇರುದಾ ಹಾರುದಾ? ಡೀಸೆಲ್ ಗಾಡಿಯಲ್ಲಿ ಏನಾದ್ರೂ ಹಾರ್ಬೇಡ ಅಂತ ಕಲಿಸಿದ್ರು, ಇದ್ರಲ್ಲಿ ಬೆಲ್ಟೇ ಇಲ್ಲ. ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳಿ.


ಪಣಂಬೂರು ಪ್ಯಾಲೆಟ್:

ತಮ್ಮಾ, ಮೊದಲು ಆ ಮರದ ತುಂಡು ತೆಗಿ. ಬಾಕಿ ಎಲ್ಲ ಆಮೇಲೆ.

ನಾನು 14 ವರ್ಷದಿಂದ ಇದೇ ಕೆಲಸ, ಅದ್ರಲ್ಲಿ ಎಂಟು ವರ್ಷ ನಿಂತು ಓಡಿಸುವ ಗಾಡಿಯೇ. ಆ ಪೆಡಲಿಗೆ ಡೆಡ್‌ಮ್ಯಾನ್ ಅಂತ ಹೆಸರು ಸುಮ್ನೆ ಬರ್ಲಿಲ್ಲ, ಓಡಿಸುವವ ತಲೆ ತಿರುಗಿ ಬಿದ್ರೂ ಗಾಡಿ ತಾನೇ ನಿಲ್ಬೇಕು, ಅದಕ್ಕೆ ಇಟ್ಟದ್ದು. ಕಾಲು ಎತ್ತಿದ್ರೆ ಕರೆಂಟ್ ಕಟ್, ಬ್ರೇಕ್ ಬೀಳ್ತದೆ. ಜನ ಮರೆಯುವ ಇನ್ನೊಂದು ಉಪಯೋಗ ಉಂಟು ಅದಕ್ಕೆ, ಪೆಡಲ್ ಮೇಲೆ ಇರುವ ಕಾಲು ಹೊರಗೆ ಹೋಗ್ಲಿಕ್ಕೆ ಆಗುದಿಲ್ಲ. ತುಂಡು ಸಿಕ್ಕಿಸಿದ್ರೆ ಎರಡೂ ಕಾಲು ಫ್ರೀ, ಬ್ರೇಕೂ ಇಲ್ಲ. ಕೆಲವು ಹೊಸ ಗಾಡಿಯಲ್ಲಿ ಎರಡನೇ ಕಾಲಿಗೂ ಸೆನ್ಸರ್ ಇರ್ತದೆ, ಹೊಸ್ತಿಲಿನ ಪಟ್ಟಿ ಮೇಲೆ ಕಾಲಿಟ್ರೆ ಪೀಂ ಪೀಂ ಅಂತ ಸ್ಪೀಡ್ ಇಳಿಸ್ತದೆ. ನಿನ್ನದು ಹಳೆಯದು, ಇರ್ಲಿಕ್ಕಿಲ್ಲ. ಪೆಡಲ್ ಹೇಗೆ ಕೆಲಸ ಮಾಡ್ತದೆ ಅನ್ನುದು ಕಂಪನಿಯಿಂದ ಕಂಪನಿಗೆ ಬೇರೆ ಉಂಟು, ನಿನ್ನ ಗಾಡಿಯ ಮ್ಯಾನುವಲ್ ಕೇಳಿ ತೆಗಿಸ್ಕೊ.

ಈಗ ಕಾಲು ಯಾಕೆ ಹೊರಗೆ ಹೋಗುದು ಅಂತ. ಕಂಡಕ್ಟರ್ ಅಭ್ಯಾಸ ಒಂದು ಇರ್ಬಹುದು ಆದ್ರೆ ಬಸ್ಸು ಹತ್ತದವನಿಗೂ ಹೋಗ್ತದೆ. ಡೀಸೆಲ್ ಗಾಡಿಯಲ್ಲಿ ನೀನು ಮುಂದೆ ನೋಡಿ ಕೂರ್ತಿ, ಬೆನ್ನಿಗೆ ಸೀಟು. ಇದ್ರಲ್ಲಿ ಅಡ್ಡ ನಿಲ್ಲುದು, ಎಡಗೈಯಲ್ಲಿ ಸ್ಟೇರಿಂಗ್ ಗುಂಡಿ, ಬಲಗೈಯಲ್ಲಿ ಹ್ಯಾಂಡಲ್, ಹತ್ತಿ ಇಳಿಯುವ ಕಡೆ ಬಾಗಿಲೇ ಇಲ್ಲ, ತೆರೆದೇ ಇರುದು. ಫೋರ್ಕ್ ಹಿಂದೆ ಮಾಡಿ ಬರುವಾಗ ಗಾಡಿ ಹೋಗುವ ದಿಕ್ಕೂ ಆ ತೆರೆದ ಕಡೆಯೂ ಒಂದೇ. ಆಗ ಗಕ್ಕ ಬ್ರೇಕ್ ಹಾಕಿದ್ರೆ ಗಾಡಿ ನಿಂತ್ರೂ ಮೈ ನಿಲ್ಲುದಿಲ್ಲ, ತೆರೆದ ಕಡೆಗೇ ವಾಲ್ತದೆ, ಬೀಳ್ತೇನೆ ಅಂತ ಮಂಡೆಗೆ ಹೋಗುವ ಮೊದಲೇ ಕಾಲು ಊರ್ಲಿಕ್ಕೆ ಹೋಗಿ ಆಗಿರ್ತದೆ. ಅಲ್ಲಿ ಕಂಬ ಇದ್ರೆ ಟನ್ನುಗಟ್ಟಲೆ ಭಾರದ ಗಾಡಿಗೂ ಕಂಬಕ್ಕೂ ನಡುವೆ ನಿನ್ನ ಕಾಲು.

ಹಾಗಾಗಿ ಕಾಲು ಒಳಗಿಡು ಅಂತ ನೂರು ಸಲ ಹೇಳಿ ಉಪಯೋಗ ಇಲ್ಲ, ಮೈ ವಾಲದ ಹಾಗೆ ಓಡಿಸ್ಬೇಕು. ಬೆನ್ನು ಪ್ಯಾಡಿಗೆ ತಾಗಿರ್ಲಿ, ಮೊಣಕಾಲು ಸ್ವಲ್ಪ ಸಡಿಲ, ಎರಡೂ ಪಾದ ಪೂರ್ತಿ ನೆಲದ ರಬ್ಬರಿನ ಮೇಲೆ, ಹಿಡಿಯುವ ರಾಡ್ ಇದ್ರೆ ಹಿಡ್ಕೊ. ನಿಲ್ಲಿಸುದು ಪೆಡಲಿಂದಲ್ಲ, ಹ್ಯಾಂಡಲಿಂದ. ಹೋಗುವ ದಿಕ್ಕಿನ ಉಲ್ಟಾ ಮೆಲ್ಲ ತಳ್ಳಿದ್ರೆ ಮೋಟರೇ ಗಾಡಿಯನ್ನು ಎಳೆದು ನಿಧಾನ ಮಾಡ್ತದೆ, ನಮ್ಮಲ್ಲಿ ಪ್ಲಗ್ಗಿಂಗ್ ಅಂತಾರೆ. ತಿರುವಿಗೆ ನಾಲ್ಕೈದು ಮೀಟರ್ ಮೊದಲೇ ಶುರು ಮಾಡು, ಮೈಗೆ ಗೊತ್ತೇ ಆಗುದಿಲ್ಲ. ಪೆಡಲ್ ಬಿಟ್ಟು ಬ್ರೇಕ್ ಹಾಕುದು ಎಮರ್ಜೆನ್ಸಿಗೆ ಮಾತ್ರ. ದಿನಾ ಅದ್ರಲ್ಲೇ ನಿಲ್ಲಿಸುವವನ ಕಾಲೇ ಹೊರಗೆ ಹೋಗುದು.

ಲೋಡ್ ಇಲ್ಲದೆ ಖಾಲಿ ಜಾಗದಲ್ಲಿ ಒಂದು ವಾರ ದಿನಾ ಹತ್ತು ನಿಮಿಷ ಹಿಂದೆ ಬಂದು ನಿಲ್ಲಿಸುದು, ಅಷ್ಟೇ ಮಾಡು. ನೀರು ಅರ್ಧ ತುಂಬಿದ ಬಾಟ್ಲಿ ಕಾಲಡಿಯ ಮೂಲೆಯಲ್ಲಿ ನಿಲ್ಲಿಸಿ ಇಡ್ತಿದ್ದೆ ನಾನು, ಅದು ಬೀಳದ ಹಾಗೆ ನಿಲ್ಲಿಸಿದ್ರೆ ಪಾಸ್. ಬಾಟ್ಲಿ ಪೆಡಲಿನ ಕೆಳಗೆ ಉರುಳುವ ಜಾಗದಲ್ಲಿ ಇಡ್ಬೇಡ ಮತ್ತೆ, ಅದೊಂದು ಬೇರೆ ಕತೆ ಆದೀತು.


ಸುಮ್ನೆ ನೋಡುವವ:

ಇಷ್ಟೆಲ್ಲ ಹೆದರಿಸ್ಲಿಕ್ಕೆ ಇಲ್ಲ ಮಾರಾಯ್ರೆ. ನಮ್ಮಲ್ಲಿ ಆರು ವರ್ಷದಿಂದ ಪೆಡಲಿಗೆ ಟೇಪ್ ಸುತ್ತಿಯೇ ಓಡಿಸುದು, ಎಂತ ಆಗ್ಲಿಲ್ಲ. ಎಂಟು ಗಂಟೆ ಒಂದೇ ಕಾಲಲ್ಲಿ ಒತ್ತಿ ನಿಂತವನಿಗೆ ಗೊತ್ತಿರ್ತದೆ ಕಷ್ಟ, ಸಂಜೆ ಮನೆಗೆ ಹೋಗುವಾಗ ಮೀನಖಂಡ ಕಲ್ಲಾಗಿರ್ತದೆ. ಲಾರಿಯವ ಒಂದು ಕಡೆ ಹಾರನ್, ಸೂಪರ್‌ವೈಸರ್ ಒಂದು ಕಡೆ ಬೊಬ್ಬೆ. ಬುಕ್ಕಲ್ಲಿ ಇದ್ದ ಹಾಗೆ ಓಡಿಸಿದ್ರೆ ಲೋಡ್ ಮುಗಿಯುದು ಯಾವಾಗ?


ರಾಡ್ ಹಾಕಿದವ:

ಮೇಲಿನವರಿಗೆ. ಆರು ವರ್ಷ ಎಂತ ಆಗ್ಲಿಲ್ಲ ಅಂತ ನಾನೂ ಹೇಳ್ತಿದ್ದೆ, ನನ್ನದು ಐದು ವರ್ಷ ಆಗಿತ್ತು.

ಉಡುಪಿ ಕಡೆಯ ಒಂದು ಗೋಡೌನು. ಆಟಿ ತಿಂಗಳು, ಮಳೆ ಬಿಡದೆ ಹೊಡೀತಿತ್ತು, ಲಾರಿ ಹಿಂದೆ ತಾಗಿಸುವ ಜಾಗಕ್ಕೆ ಶೀಟ್ ಉಂಟು ಆದ್ರೆ ಇರಚಲು ಒಳಗೆ ಎರಡು ಮೀಟರ್ ಬರ್ತದೆ. ನಾನು ಹೊರಗೆ ಇಳಿದು ಲಾರಿಯವನ ಹತ್ರ ಮಾತಾಡಿ ಚಂಡಿ ಶೂವಲ್ಲೇ ಗಾಡಿ ಹತ್ತಿದೆ. ಹಿಂದೆ ಬರ್ತಾ ಇದ್ದೆ, ಒಬ್ಬ ಲೋಡಿಂಗಿನ ಹುಡುಗ ಅಡ್ಡ ಬಂದ, ಹ್ಯಾಂಡಲ್ ಉಲ್ಟಾ ತಳ್ಳಿದೆ, ಚಕ್ರ ಒದ್ದೆ ಸಿಮೆಂಟಲ್ಲಿ ಜಾರಿತು, ಅಲ್ಲೇ ತಿರುಗಿತೇ ಹೊರತು ಗಾಡಿ ನಿಲ್ಲಿಲ್ಲ. ಪೆಡಲಿಂದ ಕಾಲು ತೆಗೆದೆ. ಪೆಡಲಿಗೆ ರಬ್ಬರ್ ಟ್ಯೂಬ್ ಕಟ್ಟಿದ್ದು ನಾನೇ, ಬೆಳಿಗ್ಗೆ. ಗಾಡಿ ಹಾಗೇ ಬಂತು. ಹುಡುಗ ಹಾರಿ ತಪ್ಪಿಸಿಕೊಂಡ. ನನ್ನ ಎಡಗಾಲು ಊರಿದ ಜಾಗದಲ್ಲಿ ಕಾಂಕ್ರೀಟ್ ಕಂಬದ ಬುಡ ಇತ್ತು, ಹಳದಿ ಕಪ್ಪು ಪಟ್ಟಿ ಹೊಡೆದ ಕಂಬ, ದಿನಾ ನೋಡುವ ಕಂಬವೇ.

ನೋವು ಮೊದಲು ಬರ್ಲಿಲ್ಲ, ಶಬ್ದ ಬಂತು. ಒಣಗಿದ ತೆಂಗಿನ ಮಡಲು ಮುರಿದ ಹಾಗೆ.

ಹಿಮ್ಮಡಿಯ ಮೇಲೆ ಎರಡು ಕಡೆ ಮುರಿತ, ಒಂದು ರಾಡ್, ಏಳು ಸ್ಕ್ರೂ, ಐದು ತಿಂಗಳು ಮನೆಯಲ್ಲಿ. ಇಎಸ್‌ಐ ಇತ್ತು, ಆಪರೇಶನ್ ಖರ್ಚು ಕೈಯಿಂದ ಹೋಗ್ಲಿಲ್ಲ, ಕೆಲಸದಲ್ಲಿ ಆದ ಗಾಯ ಅಂತ ಬರೆದ ಕಾರಣ ಸಂಬಳದ 90 ಶೇಕಡಾದಷ್ಟು ಬಂತು. ಆದ್ರೆ ಆ ಬರೆಸುದಕ್ಕೇ ಮನೆಯವಳು ನಾಲ್ಕು ಸಲ ಓಡಾಡಿದಳು, ಯಾಕಂದ್ರೆ ಟ್ಯೂಬ್ ಕಟ್ಟಿದ್ದು ಯಾರು ಅಂತ ಆಫೀಸಿನವರು ಅಲ್ಲೇ ಹಿಡ್ಕೊಂಡ್ರು. ಹೇಳಿದವರು ಯಾರೂ ಇಲ್ಲ ಆಗ. ಬೇಗ ಬೇಗ ಅಂತ ಬೊಬ್ಬೆ ಹಾಕಿದವರಿಗೆ ಟ್ಯೂಬ್ ಕಾಣ್ಲೇ ಇಲ್ಲವಂತೆ.

ಈಗಲೂ ಮಳೆಗಾಲದಲ್ಲಿ ಕಾಲು ಸೆಳೀತದೆ. ಗೋಡೌನ್ ಕೆಲಸ ಬಿಡ್ಲಿಲ್ಲ, ಈಗ ಲೆಕ್ಕ ಬರೆಯುದು. ಗಿರಾಕಿಯವರೇ, ಗಾಡಿ ಹತ್ತುವ ಜಾಗದಲ್ಲಿ ಒಂದು ಗೋಣಿ ಹಾಸಿ ಇಡಿ, ಶೂವಿನ ಅಡಿ ಒರೆಸಿಯೇ ಹತ್ತಿ. ಹವಾಯಿ ಚಪ್ಪಲಲ್ಲಿ ಯಾರನ್ನೂ ಹತ್ತಿಸ್ಬೇಡಿ. ಆಮೇಲೆ ರೈನ್‌ಕೋಟ್ ಹಾಕಿ ಓಡಿಸ್ಬೇಡಿ, ಅದ್ರ ಅಂಚು ಹ್ಯಾಂಡಲಿಗೆ ಸಿಕ್ಕಿ ಗಾಡಿ ತನ್ನಷ್ಟಕ್ಕೆ ಹೊರಟದ್ದು ನಮ್ಮಲ್ಲೇ ಆಗಿದೆ. ಕುತ್ತಿಗೆಯ ಐಡಿ ಕಾರ್ಡಿನ ದಾರವೂ ಹಾಗೆಯೇ, ಅಂಗಿಯ ಒಳಗೆ ಹಾಕಿ.


ಸುಮ್ನೆ ನೋಡುವವ:

ಸರಿ ಅಣ್ಣ. ಅಷ್ಟು ಗೊತ್ತಿರ್ಲಿಲ್ಲ. ನಾನು ಓಡಿಸುವವನಲ್ಲ, ನಮ್ಮ ಅಣ್ಣ ಓಡಿಸುದು. ಅವನಿಗೆ ಈ ಲಿಂಕ್ ಕಳಿಸ್ತೇನೆ.


ಬ್ಯಾಟರಿ ಭಾವ:

ನಾನು ಸರ್ವಿಸ್ ಮಾಡುವವ, ಬ್ಯಾಟರಿ ಗಾಡಿಗಳೇ ಜಾಸ್ತಿ, ಪಡುಬಿದ್ರಿಯಿಂದ ಈಚೆಗೆ ಎಲ್ಲ ಕಡೆ ಹೋಗ್ತೇನೆ. ಪೆಡಲ್ ಗಟ್ಟಿ ಅಂದ್ರಲ್ಲ, ಅದು ಹಾಗೆ ಇರ್ಬೇಕಾದ್ದಲ್ಲ. ನಿಂತವನ ಭಾರಕ್ಕೇ ಕೆಳಗೆ ಹೋಗ್ಬೇಕು, ತೊಡೆಯಲ್ಲಿ ಬಲ ಹಾಕಿ ಒತ್ತುದಲ್ಲ. ಫ್ಲೋರ್ ಮ್ಯಾಟ್ ಎತ್ತಿ ನೋಡಿ, ಅಡಿಯಲ್ಲಿ ಕಸ, ಸರಕು ಇಡುವ ಪ್ಯಾಲೆಟ್ ಹಲಗೆಯ ಸಿಗುರು, ಸುತ್ತುವ ಪ್ಲಾಸ್ಟಿಕ್, ಇಷ್ಟು ಇದ್ದೇ ಇರ್ತದೆ. ಮೊನ್ನೆ ಒಂದು ಕಡೆ ಗೇರುಬೀಜದ ಸಿಪ್ಪೆಯೇ ಒಂದು ಮುಷ್ಟಿ ತೆಗೆದೆ, ಅದ್ರ ಎಣ್ಣೆ ಧೂಳು ಸೇರಿ ಡಾಂಬರಿನ ಹಾಗೆ ಹಿಡಿದಿತ್ತು. ಅದು ಕ್ಲೀನ್ ಮಾಡಿದ್ಮೇಲೂ ಗಟ್ಟಿ ಇದ್ರೆ ಸ್ಪ್ರಿಂಗ್ ಅಥವಾ ಪಿನ್ ತುಕ್ಕು, ನಮ್ಮ ಊರಿನ ಉಪ್ಪು ಗಾಳಿಗೆ ಬೇರೆ ಎಂತ ಆಗ್ಬೇಕು. ಅದು ಸಣ್ಣ ಕೆಲಸ, ಆದ್ರೆ ನೀವು ಸ್ಪ್ಯಾನರ್ ಹಾಕ್ಬೇಡಿ, ಒಳಗೆ ಸ್ವಿಚ್ ಉಂಟು, ಅದು ಒಂದು ಮಿಲಿಮೀಟರ್ ಆಚೀಚೆ ಆದ್ರೆ ಕಾಲು ತೆಗೆದ್ರೂ ಗಾಡಿ ಹೋಗ್ತದೆ.

ದಿನಾ ಬೆಳಿಗ್ಗೆ ಗಾಡಿ ತೆಗೆಯುವಾಗ ಖಾಲಿ ಜಾಗದಲ್ಲಿ ನಡೆಯುವ ಸ್ಪೀಡಲ್ಲಿ ಹೋಗಿ ಪೆಡಲ್ ಬಿಡಿ. ಕೂಡ್ಲೆ ನಿಲ್ಬೇಕು. ತೇಲಿ ನಿಂತ್ರೆ ಬ್ರೇಕ್ ತೋರಿಸಿ. ಹಾರನ್ ಒತ್ತಿ ನೋಡಿ, ಫೋರ್ಕಿನ ಹಿಮ್ಮಡಿಯ ಹತ್ರ, ಅಂದ್ರೆ ಅದು ಬಗ್ಗಿದ ಮೂಲೆಯಲ್ಲಿ, ಬಿರುಕು ಉಂಟಾ ಕೈ ಆಡಿಸಿ, ಚೈನ್ ಎರಡೂ ಕಡೆ ಒಂದೇ ಬಿಗಿ ಉಂಟಾ ನೋಡಿ, ಸಿಲಿಂಡರ್ ಅಡಿಯಲ್ಲಿ ಎಣ್ಣೆ ಬಿದ್ದಿದ್ಯಾ ನೋಡಿ. ಎಮರ್ಜೆನ್ಸಿಯ ಕೆಂಪು ಬಟನ್ ಒತ್ತಿದ್ರೆ ಗಾಡಿ ಪೂರ್ತಿ ಸಾಯ್ಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು, ಚಾ ಆರುವ ಹೊತ್ತು.

ಬ್ಯಾಟರಿ ಬಗ್ಗೆ ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ಯಾಕಂದ್ರೆ ಕಾಲಿಗೆ ಹೆದರುವವ್ರು ಬ್ಯಾಟರಿಗೆ ಹೆದರುದಿಲ್ಲ. ಲೆಡ್ ಆಸಿಡ್ ಆದ್ರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬರ್ತದೆ, ಗಾಳಿಯಲ್ಲಿ 4 ಶೇಕಡಾ ಸೇರಿದ್ರೆ ಒಂದು ಕಿಡಿ ಸಾಕು. ಒಂದು ಕಡೆ ಚಾರ್ಜಿಂಗ್ ರೂಮಲ್ಲೇ ಬೀಡಿ ಸೇದುದು ನೋಡಿ ನಾನು ಹೊರಗೆ ಓಡಿ ಬಂದೆ, ಅವರಿಗೆ ನಗೆ. ಚಾರ್ಜ್ ಮಾಡುವಾಗ ಬ್ಯಾಟರಿ ಇರುವ ಪೆಟ್ಟಿಗೆಯ ಮೇಲಿನ ಮುಚ್ಚಳ ತೆರೆದಿಡಿ, ಕಿಟಕಿ ತೆರೆದಿಡಿ. ಡಿಸ್ಟಿಲ್ಡ್ ವಾಟರ್ ಹಾಕುದು ಚಾರ್ಜ್ ಮುಗಿದ ಮೇಲೆ, ಮೊದಲು ತುಂಬಿಸಿದ್ರೆ ಬಿಸಿಗೆ ಉಬ್ಬಿ ಆಸಿಡ್ ಹೊರಗೆ ಚೆಲ್ತದೆ. ಸ್ಪ್ಯಾನರ್ ಬ್ಯಾಟರಿಯ ಮೇಲೆ ಇಡ್ಬೇಡಿ, ಉಂಗುರ ಕಡಗ ತೆಗೆದಿಡಿ. ಕಣ್ಣಿಗೆ ಆಸಿಡ್ ಹಾರಿದ್ರೆ ಕಾಲು ಗಂಟೆ ಬರೀ ನೀರು ಬಿಡ್ತಾ ಇರ್ಬೇಕು, ಉಜ್ಜುದಲ್ಲ, ಆಮೇಲೆ ಡಾಕ್ಟರ್.

ಮತ್ತೆ ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರಲ್ಲ, ಬ್ಯಾಟರಿ ಬದಲಿಸಿದ್ದಾರಾ ಕೇಳಿ. ನಿಂತು ಓಡಿಸುವ ಗಾಡಿಯಲ್ಲಿ ಬ್ಯಾಟರಿ ಬರೀ ಕರೆಂಟಿಗಲ್ಲ, ಅದ್ರ ಭಾರವೇ ಗಾಡಿಯನ್ನು ಹಿಂದೆ ಹಿಡಿಯುದು. ಕಮ್ಮಿ ರೇಟಿಗೆ ಹಗುರದ ಬ್ಯಾಟರಿ ಹಾಕಿದ್ರೆ ಲೋಡ್ ಎತ್ತಿದಾಗ ಗಾಡಿ ಮುಂದಕ್ಕೆ ಬಗ್ತದೆ. ಎಷ್ಟು ಕೆಜಿಯ ಬ್ಯಾಟರಿ ಬೇಕು ಅಂತ ಗಾಡಿಗೆ ಕಂಪನಿಯವರು ಹೊಡೆದ ಮಾಹಿತಿ ಪ್ಲೇಟಲ್ಲೇ ಬರೆದಿರ್ತದೆ.


ಗೋಡೌನ್ ಗಿರಾಕಿ:

ಎಲ್ಲರಿಗೂ ಥ್ಯಾಂಕ್ಸ್. ರಾಡ್ ಹಾಕಿದ ಅಣ್ಣನ ಕತೆ ಓದಿ ಊಟ ಸೇರ್ಲಿಲ್ಲ. ಮ್ಯಾಟ್ ಎತ್ತಿದೆ, ಭಾವ ಹೇಳಿದ ಹಾಗೆಯೇ, ಸ್ಟ್ರಾಪಿಂಗ್ ಪಟ್ಟಿಯ ತುಂಡು, ಒಂದು ಪೆನ್ನಿನ ಕ್ಯಾಪ್, ಹಿಂದಿ ಪೇಪರಿನ ಒಂದು ಚೂರು, ಗಾಡಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ತೆಗೆದ್ಮೇಲೆ ಅರ್ಧ ಸಡಿಲ ಆಯ್ತು, ಪೂರ್ತಿ ಆಗ್ಲಿಲ್ಲ.

ವಾಲಿದ್ರೆ ಹಾರುದಾ ಇರುದಾ ಅಂತ ಯಾರೂ ಹೇಳ್ಲಿಲ್ಲ. ಮತ್ತೆ ನನ್ನ ಹತ್ರ ಕಾರಿನ ಲೈಸೆನ್ಸ್ ಉಂಟು, ಅದು ಸಾಕಾಗ್ತದಾ ಇದಕ್ಕೆ?


ರಿಟೈರ್ಡ್ ಸೇಫ್ಟಿ:

ನಾನು ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಂಡಿದ್ದವನು, ಈಗ ಮನೆಯಲ್ಲಿ ಅಡಿಕೆ ತೋಟ. ನಿಮ್ಮ ಪ್ರಶ್ನೆ ಸರಿಯಾಗಿಯೇ ಉಂಟು, ಎಷ್ಟೋ ಜನ ಇಲ್ಲೇ ಎಡವುದು.

ಕೂತು ಓಡಿಸುವ ಗಾಡಿ ವಾಲಿದ್ರೆ ಹಾರ್ಲಿಕ್ಕಿಲ್ಲ. ಬೆಲ್ಟ್ ಹಾಕಿರ್ಬೇಕು, ಸ್ಟೇರಿಂಗ್ ಗಟ್ಟಿ ಹಿಡಿದು ಕಾಲು ಊರಿ, ಬೀಳುವ ಕಡೆಯ ಉಲ್ಟಾ ದಿಕ್ಕಿಗೆ ವಾಲ್ಬೇಕು. ಹಾರಿದವನ ಮೇಲೆ ತಲೆಗಾರ್ಡಿನ, ಅಂದ್ರೆ ತಲೆ ಮೇಲಿನ ಉಕ್ಕಿನ ಚೌಕಟ್ಟಿನ ಕಂಬಿಯೇ ಬೀಳುದು, ಮನುಷ್ಯ ಎಷ್ಟು ಬೇಗ ಹಾರಿದ್ರೂ ಗಾಡಿ ಅವನಿಗಿಂತ ಬೇಗ ಬೀಳ್ತದೆ. ಹಿಂದಿನಿಂದ ಹತ್ತುವ, ನಿಂತು ಓಡಿಸುವ ಗಾಡಿಯಲ್ಲಿ ಇದು ಪೂರ್ತಿ ಉಲ್ಟಾ. ಅಡ್ಡ ವಾಲಿದ್ರೆ ಆಗ್ಲಿ, ಡಾಕಿನ, ಅಂದ್ರೆ ಲಾರಿಗೆ ಲೋಡ್ ಮಾಡುವ ಎತ್ತರದ ಕಟ್ಟೆಯ ಅಂಚಿಂದ ಕೆಳಗೆ ಹೋದ್ರೆ ಆಗ್ಲಿ, ತೆರೆದ ಕಡೆಯಿಂದ ಹಿಂದಕ್ಕೆ ಹೆಜ್ಜೆ ಹಾಕಿ ಗಾಡಿಯಿಂದ ದೂರ ಹೋಗ್ಬೇಕು. ಅದಕ್ಕೇ ಬಾಗಿಲು ಇಲ್ಲ, ಅದಕ್ಕೇ ಬೆಲ್ಟ್ ಇಲ್ಲ. ನೀವು ಡೀಸೆಲ್ ಗಾಡಿಯಲ್ಲಿ ಕಲಿತದ್ದನ್ನೇ ಇಲ್ಲಿ ಮಾಡಿದ್ರೆ ಅಪಾಯ, ಇಲ್ಲಿಯದನ್ನು ಅಲ್ಲಿ ಮಾಡಿದ್ರೂ ಅಪಾಯ. ಎರಡೂ ಗಾಡಿ ಓಡಿಸುವವ ಹತ್ತುವ ಮೊದಲು ಒಂದು ಸಲ ಮನಸ್ಸಲ್ಲಿ ಹೇಳಿಕೊಳ್ಬೇಕು, ಇವತ್ತು ಯಾವ ಗಾಡಿ ಅಂತ.

ಆದ್ರೆ ಇದು ಗಾಡಿ ನಿಜವಾಗಿ ಬೀಳುವಾಗ ಮಾತ್ರ. ಎದುರು ಏನೋ ಬಂತು, ಗುದ್ದುತ್ತದೆ ಅಂತ ಹೊರಗೆ ಕಾಲು ಹಾಕ್ಬಾರ್ದು, ಗುದ್ದಿದ್ರೆ ಒಳಗೆ ಇದ್ದವನಿಗೆ ಸುತ್ತಲೂ ಉಕ್ಕು ಉಂಟು. ನಿಮ್ಮ ಕಂಡಕ್ಟರ್ ಕಾಲಿಗೆ ಈ ವ್ಯತ್ಯಾಸ ಕಲಿಸುದೇ ಕಷ್ಟ. ಬಾಗಿಲು ಇಡ್ಬೇಕಾ ಬೇಡ್ವಾ ಅಂತ ಅಮೆರಿಕದಲ್ಲಿ ಕೋರ್ಟಿಗೆ ಹೋದ ಎಷ್ಟೋ ಕೇಸುಗಳು ಉಂಟು. ಬಾಗಿಲಿದ್ರೆ ಕಾಲು ಉಳೀತದೆ ಅಂತ ಒಂದು ವಾದ, ಗಾಡಿ ಬೀಳುವಾಗ ಅದೇ ಬಾಗಿಲು ಜೀವ ತೆಗೀತದೆ ಅಂತ ಇನ್ನೊಂದು. ನನ್ನ ಕೇಳಿದ್ರೆ ಎರಡರಲ್ಲೂ ಹುರುಳುಂಟು, ಆದ್ರೆ ಡಾಕ್ ಇರುವ ಕಡೆ ನಾನು ಬಾಗಿಲು ಹಾಕಿಸುದಿಲ್ಲ.

ಇನ್ನೊಂದು ಅಪಾಯ ನೀವು ಯಾರೂ ಬರೀಲಿಲ್ಲ, ಕಾಲಿಗಿಂತ ದೊಡ್ಡದು. ಹಿಂದೆ ಬರುವಾಗ ಬೆನ್ನ ಹಿಂದಿನ ರ್ಯಾಕಿನ ಕೆಳಗಿನ ಅಡ್ಡಪಟ್ಟಿ ಎಷ್ಟು ಎತ್ತರದಲ್ಲಿ ಉಂಟು ನೋಡಿದ್ದೀರಾ? ಅದು ಗಾಡಿಯ ಮೈಗಿಂತ ಮೇಲೆ, ತಲೆಗಾರ್ಡಿಗಿಂತ ಕೆಳಗೆ ಇದ್ದು, ನೆಲದ ಖಾನೆ ಖಾಲಿ ಇದ್ರೆ, ಗಾಡಿ ಸೀದಾ ಅದ್ರ ಅಡಿಗೆ ನುಗ್ತದೆ, ಪಟ್ಟಿ ಬಂದು ನಿಂತವನ ಸೊಂಟಕ್ಕೋ ಎದೆಗೋ ಒತ್ತುತ್ತದೆ. ಹೀಗೆ ಸತ್ತವರು ಇದ್ದಾರೆ. ಅಮೆರಿಕದ ಓಶಾ ಅಂತ ಕಾರ್ಮಿಕ ಸುರಕ್ಷತೆಯ ಇಲಾಖೆ, ಅದು 2009ರಲ್ಲಿ ಇದೊಂದಕ್ಕೇ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತ್ತು. ನಿಮ್ಮ ರ್ಯಾಕ್ ಹೊಸದು, ಗಾಡಿ ಬೇರೆಲ್ಲಿಂದಲೋ ಬಂದದ್ದು, ಎರಡಕ್ಕೂ ಅಳತೆ ಕೂಡಿಸಿ ಯಾರೂ ನೋಡಿರ್ಲಿಕ್ಕಿಲ್ಲ. ನಾಳೆ ಒಂದು ಟೇಪ್ ಹಿಡಿದು ನೋಡಿ. ಪಟ್ಟಿ ಗಾಡಿಯ ಮೈಗೆ ತಾಗುವಷ್ಟು ಕೆಳಗೆ ಇಳಿಸ್ಬಹುದು, ಅಥವಾ ಗಾಡಿಯ ಹಿಂದೆ ಎರಡು ಕಂಬಿ ಹಾಕಿಸುವ ವ್ಯವಸ್ಥೆ ತಯಾರಿಸಿದ ಕಂಪನಿಯಲ್ಲೇ ಉಂಟಾ ಕೇಳ್ಬಹುದು. ಲೋಕಲ್ ವೆಲ್ಡಿಂಗಿನವನಿಂದ ಮಾಡಿಸ್ಬೇಡಿ, ಹೊರಗೆ ಬರುವ ದಾರಿಯೇ ಮುಚ್ಚಿದ್ರೆ ಕಷ್ಟ.

ಲೋಡಿನ ಲೆಕ್ಕ ಒಂದು ಹೇಳ್ತೇನೆ. ಪ್ಲೇಟಲ್ಲಿ 1500 ಕೆಜಿ, 500 ಮಿಮೀ ಅಂತ ಇದ್ರೆ ಲೋಡಿನ ನಡು ಫೋರ್ಕಿನ ಹಿಮ್ಮಡಿಯಿಂದ ಅರ್ಧ ಮೀಟರಲ್ಲಿ ಇದ್ರೆ ಮಾತ್ರ 1500. ಉದ್ದದ ಪ್ಯಾಲೆಟ್ ಬಂತು, ನಡು 700ಕ್ಕೆ ಹೋಯ್ತು ಅಂದ್ಕೊಳ್ಳಿ. ಹಿಂದಿನ ಭಾರದಿಂದ ಲೋಡ್ ಹಿಡಿಯುವ ಸಾದಾ ಕೌಂಟರ್ ಬ್ಯಾಲೆನ್ಸ್ ಗಾಡಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಫೋರ್ಕಿಗೆ 300 ಮಿಮೀ ಉಂಟು ಅಂತ ಇಟ್ರೆ, 1500ಕ್ಕೆ 800 (500+300) ಗುಣಿಸಿ 1000ದಿಂದ (700+300) ಭಾಗಿಸಿ, 1200 ಉಳೀತದೆ. ಇಪ್ಪತ್ತು ಸೆಂಟಿಮೀಟರಿಗೆ 300 ಕೆಜಿ ಹೋಯ್ತು. ಮಾಸ್ಟ್, ಅಂದ್ರೆ ಫೋರ್ಕ್ ಏರಿಳಿಯುವ ಕಂಬ, ಮೇಲೆ ಎತ್ತಿದ್ರೆ ಇನ್ನೂ ಕಮ್ಮಿ. ಇದು ಅಂದಾಜು ತಿಳಿಯಲಿಕ್ಕೆ, ನಿಮ್ಮ ಗಾಡಿಯ ಪ್ಲೇಟಲ್ಲಿ ಎತ್ತರಕ್ಕೆ ಎಷ್ಟು ಅಂತ ಬರೆದದ್ದೇ ಕೊನೆ. ಲೋಡ್ ಇದ್ರೂ ಇಲ್ಲದಿದ್ರೂ ಫೋರ್ಕ್ ನೆಲದಿಂದ ಒಂದು ಗೇಣಿಗಿಂತ ಮೇಲೆ ಇಟ್ಟು ಓಡಿಸ್ಬೇಡಿ, ಎತ್ತಿದ ಮಾಸ್ಟಲ್ಲಿ ತಿರುಗಿಸ್ಲೇಬೇಡಿ.

ಲೈಸೆನ್ಸ್ ವಿಷಯ. ಮೋಟಾರು ವಾಹನ ಕಾಯ್ದೆ 1988ರ ಕಲಂ 2(28)ರಲ್ಲಿ ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಬಳಸ್ಲಿಕ್ಕೆ ಮಾಡಿದ ವಿಶೇಷ ಗಾಡಿಯನ್ನು ಮೋಟಾರು ವಾಹನದ ಲೆಕ್ಕದಿಂದ ಹೊರಗೆ ಇಟ್ಟಿದ್ದಾರೆ. ಎಷ್ಟೋ ಕಂಪನಿಯವರು ಕಾರಿನ ಲೈಸೆನ್ಸ್ ಕೇಳ್ತಾರೆ, ಕೇಳ್ಲಿ, ಒಳ್ಳೇದೇ, ಆದ್ರೆ ಅದು ಈ ಗಾಡಿ ಓಡಿಸ್ಲಿಕ್ಕೆ ಬರ್ತದೆ ಅನ್ನುದಕ್ಕೆ ಸಾಕ್ಷಿ ಅಲ್ಲ. ಅಮೆರಿಕದ ನಿಯಮದಲ್ಲಿ ಗಾಡಿಯ ಜಾತಿ ಬದಲಾದ್ರೆ ಮತ್ತೆ ಟ್ರೇನಿಂಗ್ ಕೊಡ್ಬೇಕು, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡ್ಬೇಕು ಅಂತ ಉಂಟು. ಇಲ್ಲಿ ನೀವು ಅರ್ಧ ಗಂಟೆ ಮತ್ತು ಒಂದು ಚಾ.

ಸೂಪರ್‌ವೈಸರಿಗೆ ಬಾಯಲ್ಲಿ ಹೇಳ್ಬೇಡಿ. ಲಾಗ್ ಬುಕ್ಕಲ್ಲಿ ತಾರೀಕು ಹಾಕಿ ಬರೀರಿ, ಪೆಡಲ್ ಗಟ್ಟಿ, ಮರ ಸಿಕ್ಕಿಸಿ ಓಡಿಸುತ್ತಿದ್ದಾರೆ, ರಿಪೇರಿ ಬೇಕು ಅಂತ. ಬರೆದದ್ದನ್ನು ಫೋಟೋ ತೆಗೆದಿಡಿ. ಬಾಯಿ ಮಾತಿಗೆ ಕಿವುಡಾದವರಿಗೂ ಶಾಯಿ ಕಾಣ್ತದೆ.


ಮಲ್ಪೆ ಸ್ಟಾಕ್ ಅಕ್ಕ:

ನಾನು ಓಡಿಸುವವಳಲ್ಲ, ಗಾಡಿಯ ಮಧ್ಯೆ ನಡೆಯುವವಳು. ಮೀನಿನ ಕೋಲ್ಡ್ ಸ್ಟೋರಲ್ಲಿ ಸ್ಟಾಕ್ ಬರೆಯುದು. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ಡೀಸೆಲ್ ಗಾಡಿ ಬಂದ್ರೆ ಅರ್ಧ ಫರ್ಲಾಂಗಿಂದ ಗೊತ್ತಾಗ್ತದೆ, ಬ್ಯಾಟರಿ ಗಾಡಿಗೆ ಶಬ್ದವೇ ಇಲ್ಲ, ಬೆನ್ನ ಹಿಂದೆ ಬೆಕ್ಕು ಬಂದ ಹಾಗೆ ಬರ್ತದೆ. ಕೋಲ್ಡ್ ರೂಮಿನ ಬಾಗಿಲಲ್ಲಿ ಪ್ಲಾಸ್ಟಿಕ್ ಪರದೆ, ಅದಕ್ಕೆ ಆವಿ ಹಿಡಿದು ಬಿಳಿ, ಆಚೆ ಯಾರಿದ್ದಾರೆ ಅಂತ ಇಬ್ಬರಿಗೂ ಕಾಣುದಿಲ್ಲ. ಹೊರಗಿನ ಸೆಕೆ ಗಾಳಿ ಒಳಗಿನ ಚಳಿಗೆ ತಾಗಿ ಹೊಸ್ತಿಲಲ್ಲಿ ಯಾವಾಗಲೂ ನೀರು. ನಮ್ಮ ಆಪರೇಟರ್ ಅಲ್ಲಿ ಗಾಡಿ ಪೂರ್ತಿ ನಿಲ್ಲಿಸಿ ಎರಡು ಸಲ ಹಾರನ್ ಹೊಡೆದು ಮತ್ತೆ ಹೋಗುದು, ಅವನಿಗೆ ಎಷ್ಟು ಅರ್ಜೆಂಟ್ ಇದ್ರೂ. ಅವನು ಬಂದಾಗಿನಿಂದ ನನಗೆ ಧೈರ್ಯ. ಅವನ ಇನ್ನೊಂದು ಅಭ್ಯಾಸ, ನನ್ನ ಮುಖ ನೋಡಿ ನಾನು ತಲೆ ಆಡಿಸುವ ತನಕ ಗಾಡಿ ತೆಗೆಯುದಿಲ್ಲ. ತಿರುಗುವಾಗ ಹಿಂಭಾಗ ಹೊರಗೆ ಬೀಸ್ತದಲ್ಲ, ಅದು ನಡೆಯುವವರಿಗೆ ಗೊತ್ತೇ ಇಲ್ಲ, ಮುಂದಿನ ಫೋರ್ಕನ್ನೇ ನೋಡ್ತಾ ಇರ್ತೇವೆ, ಪೆಟ್ಟು ಬೀಳುದು ಹಿಂದಿನಿಂದ.

ದಯಮಾಡಿ ಯಾರನ್ನೂ ಪ್ಯಾಲೆಟ್ ಮೇಲೆ ನಿಲ್ಲಿಸಿ ಎತ್ಬೇಡಿ. ಮೇಲಿನ ಖಾನೆಯ ಬಾಕ್ಸ್ ಎಣಿಸ್ಲಿಕ್ಕೆ ನನ್ನನ್ನು ಹಾಗೆ ಎತ್ತಿ ಅಂತ ಹಿಂದೆ ಒಬ್ಬರು ಹೇಳಿದ್ರು. ನಾನು ಏಣಿ ತರಿಸಿದೆ, ಬೈದ್ರು, ಬೈಲಿ.


ಪಣಂಬೂರು ಪ್ಯಾಲೆಟ್:

ಅಕ್ಕ ಹೇಳಿದ್ದು ಸರಿ. ಸ್ಪೀಡ್ ಬಗ್ಗೆ ಒಂದು ಸೇರಿಸ್ತೇನೆ, ಗಂಟೆಗೆ 10 ಕಿಮೀ ಅಂದ್ರೆ ಎಂತ ಮಹಾ ಅಂತ ಕಾಣ್ತದೆ, ಸೆಕೆಂಡಿಗೆ 2.8 ಮೀಟರ್ ಆಯ್ತು. ಕಣ್ಣಿಗೆ ಬಿದ್ದು ಕೈ ಆಡುವುದರೊಳಗೆ ಒಂದು ಸೆಕೆಂಡ್ ಹೋದ್ರೆ ಮೂರು ಮೀಟರ್ ಹತ್ರ ಹೋಗಿ ಆಯ್ತು, ಬ್ರೇಕ್ ಆಮೇಲೆ. ಸ್ಪೀಡ್ ಡಬಲ್ ಆದ್ರೆ ಬ್ರೇಕ್ ಬಿದ್ದ ಮೇಲೆ ಹೋಗುವ ದೂರ ನಾಲ್ಕು ಪಾಲು. ಒದ್ದೆ ನೆಲ ಆದ್ರೆ ಲೆಕ್ಕವೇ ಬೇಡ.

ಡಾಕಲ್ಲಿ ಲಾರಿ ಚಕ್ರಕ್ಕೆ ಕಲ್ಲಲ್ಲ, ಉರುಳದ ಹಾಗೆ ಸರಿಯಾದ ಅಡೆ ಇಡ್ಸು, ಲೋಡ್ ಆಗುವ ತನಕ ಲಾರಿಯ ಕೀ ನಿನ್ನ ಕಿಸೆಯಲ್ಲಿ ಇರ್ಲಿ. ಚಾ ಕುಡಿದು ಬಂದ ಡ್ರೈವರ್ ಆಯ್ತಾ ಅಂತ ಕೇಳದೆ ಗಾಡಿ ಎಳೆದದ್ದು ನಾನು ಕಣ್ಣಾರೆ ನೋಡಿದ್ದೇನೆ.


ಗೋಡೌನ್ ಗಿರಾಕಿ:

ಅಪ್‌ಡೇಟ್. ಲಾಗ್ ಬುಕ್ಕಲ್ಲಿ ಬರೆದೆ, ಫೋಟೋ ತೆಗೆದೆ. ಸೂಪರ್‌ವೈಸರ್ ಓದಿ ಮುಖ ಸಣ್ಣ ಮಾಡಿದ್ರು, ಒಂದು ಗಂಟೆಯ ಮೇಲೆ ತಾವೇ ಬಂದು ಸರ್ವಿಸಿನವನಿಗೆ ಫೋನ್ ಮಾಡಿದ್ದೇನೆ, ಗುರುವಾರ ಬರ್ತಾನೆ ಅಂದ್ರು. ಟೇಪ್ ಹಿಡಿದು ನೋಡಿದೆ, ಮೂರನೇ ಸಾಲಿನ ರ್ಯಾಕಿನ ಕೆಳಗಿನ ಪಟ್ಟಿ ನನ್ನ ಹೊಟ್ಟೆಗೆ ಸಮ ಉಂಟು. ಪಟ್ಟಿ ಇಳಿಸುವ ತನಕ ಅಲ್ಲಿ ನೆಲದ ಖಾನೆಯಲ್ಲಿ ಯಾವಾಗಲೂ ತುಂಬಿದ ಪ್ಯಾಲೆಟ್ ಇಡುದು ಅಂತ ಮಾತಾಯ್ತು.

ಬಾಟ್ಲಿ ಪರೀಕ್ಷೆ ಮಾಡಿದೆ ಅಣ್ಣ. ಮೊದಲ ದಿನ ಹನ್ನೊಂದು ಸಲ ಬಿತ್ತು, ಇವತ್ತು ಮೂರು.

ನೈಟ್ ಶಿಫ್ಟಿನವ ಮರದ ತುಂಡು ಎಲ್ಲಿ ಅಂತ ಫೋನ್ ಮಾಡಿದ್ದ. ಅದು ನನ್ನ ಟಿಫಿನ್ ಬ್ಯಾಗಲ್ಲಿ ಮನೆಗೆ ಬಂದಿದೆ, ಅಮ್ಮ ಬಚ್ಚಲ ಒಲೆಗೆ ಹಾಕಿದ್ರು.